ಸಾಸಿವೆ ದಿಂಬಿನ ಮೇಲೆ ಗಿಟಾರು

“ಡಿಜೆ ಬ್ಯಾಡ, ಬ್ಯಾಂಡ್ ಬ್ಯಾಡ! ನನ್ನ ಮಗಳ ತೊಟ್ಟಿಲ ಕಾರ್ಯಕ್ಕ ಜೋಗುಳಾ ನಾನೇ ಬಾರಸ್ತೇನಿ. ಅದೂ ಗಿಟಾರದಾಗ!”

ಚೌಡಾಪುರದ ಅತ್ತೆಯ ಮನೆಯ ಪಡಸಾಲೆಯಲ್ಲಿ ನಿಂತು ವಿಶ್ವಾರಾಧ್ಯ ಹೀಗೆ ಘೋಷಿಸಿದಾಗ, ಗುಗ್ಗರಿಗೆಂದು ಕಡಲೆ ಆರಿಸುತ್ತಿದ್ದ ಹೆಂಗಸರ ಕೈ ಮೊರದ ಮೇಲೆಯೇ ನಿಂತುಬಿಟ್ಟಿತು. ಅಫಜಲಪುರದ ಸ್ಪೀಕರಿನವನ ಜೊತೆ ಫೋನಿನಲ್ಲಿ ಚೌಕಾಸಿ ನಡೆಸಿದ್ದ ಹೆಂಡತಿಯ ತಮ್ಮ ಶಿವಪ್ರಕಾಶ ಫೋನನ್ನು ಕಿವಿಯಿಂದ ಕೆಳಗಿಳಿಸಿದ.

“ಮಾಮಾ, ನಿಮಗ ಖರೇನ ಬರ್ತದೇನ್ರಿ?”

“ಬರ್ತದೇನು ಅಂದ್ರ? ಜೇವರ್ಗಿಗಿ ಬಂದು ನಮ್ಮ ಓಣಿ ಮಂದೀನ ಕೇಳು!”

ಓಣಿಯ ಮಂದಿಯನ್ನು ಕೇಳಿದ್ದರೆ ಅವರು ಬೇರೆಯದನ್ನೇ ಹೇಳುತ್ತಿದ್ದರು. ಆದರೆ ಅವರೆಲ್ಲ ದೂರದ ಜೇವರ್ಗಿಯಲ್ಲಿದ್ದರು. ಅದೇ ವಿಶ್ವಾರಾಧ್ಯನ ಧೈರ್ಯ!

ಜೇವರ್ಗಿಯ ದಾಲ್ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದ ಈ ಮಹಾಶಯ ಗಿಟಾರ್ ಕಲಿತದ್ದು ಮೊಬೈಲಿನ ವಿಡಿಯೋ ನೋಡಿ. ಬಾರಿಸುವುದು ಅಷ್ಟಕ್ಕಷ್ಟೇ, ಆರೈಕೆ ಮಾತ್ರ ಅರೆದು ಕುಡಿದಿದ್ದ. ‘ತಂತಿ ಬದಲಿಸುವಾಗ ಗಿಟಾರಿನ ಕುತ್ತಿಗೆಗೆ ಆಸರೆ ಕೊಡಿ, ಕುತ್ತಿಗೆ ಕೆಟ್ಟರೆ ಗಿಟಾರೇ ಕೆಟ್ಟಂತೆ’ ಎಂದು ವಿಡಿಯೋದ ಗುರು ಹೇಳಿದ್ದೇ ಹೇಳಿದ್ದು, ಅಂದಿನಿಂದ ಇವನಿಗೆ ಜಗತ್ತಿನಲ್ಲಿ ಕಂಡದ್ದೆಲ್ಲ ಬರೀ ಕುತ್ತಿಗೆ! ಮಿಲ್ಲಿನ ಹಮಾಲರಿಗೆ ಕುತ್ತಿಗೆಯ ಮೇಲೆ ಪ್ರವಚನ ಕೊಟ್ಟ. ಚೌಡಾಪುರಕ್ಕೆ ಬರುವಾಗ ಬಸ್ಸಿನಲ್ಲಿ ಗಿಟಾರನ್ನು ಸರಿಸಿಡಲು ಕೈ ಹಾಕಿದ ಕಂಡಕ್ಟರನಿಗೆ, “ಕುತ್ತಿಗಿ ಸಂಭಾಳಸ್ರಿ!” ಎಂದು ಎಂಥ ದನಿಯಲ್ಲಿ ಕೂಗಿದನೆಂದರೆ, ಡ್ರೈವರ್ ಬ್ರೇಕ್ ಒತ್ತಿಬಿಟ್ಟಿದ್ದ.

ಇಷ್ಟೆಲ್ಲ ಕುತ್ತಿಗೆ ಭಕ್ತಿ ಇದ್ದವನು ಎಡವಿದ್ದು ಎಲ್ಲಿ? ಹೆತ್ತ ಮಗಳ ಕುತ್ತಿಗೆಯಲ್ಲಿ!

ಮೊದಲ ಸಲ ಕೂಸನ್ನು ನೋಡಲು ಬಂದಾಗ ಖುಷಿಯ ಭರದಲ್ಲಿ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿಬಿಟ್ಟಿದ್ದ. ಕೂಸಿನ ತಲೆ ಒಂದು ಕಡೆ ವಾಲಿತು. “ಅಯ್ಯಯ್ಯ! ಕುತ್ತಿಗಿ! ಕೂಸಿನ ಕುತ್ತಿಗಿ ಹಿಡೀರಿ!” ಎಂದು ಅತ್ತೆ ಶಿವಕಾಂತಾ ಅಡುಗೆಮನೆಯಿಂದ ಹಾರಿ ಬಂದು ಕಸಿದುಕೊಂಡಿದ್ದರು. ಅಂದೇ ತೀರ್ಪೂ ಬಂತು: “ನೋಡ್ರಿ ಅಳಿಯಾರ, ಕೂಸಿನ ಕುತ್ತಿಗಿ ಗಟ್ಟಿ ಆಗೂತನಾ ನೀವು ಎತ್ತಬ್ಯಾಡ್ರಿ. ದೂರ ನಿಂತು ನೋಡ್ರಿ.”

ಅಂದಿನಿಂದ ವಿಶ್ವಾರಾಧ್ಯ ಸ್ವಂತ ಮಗಳನ್ನು ಅಂಗಡಿಯ ಗಾಜಿನೊಳಗಿನ ಮಿಠಾಯಿಯಂತೆ ನೋಡುತ್ತಿದ್ದ. ಓಣಿಯವರೆಲ್ಲ ಎತ್ತುತ್ತಿದ್ದರು, ಅಪ್ಪನಿಗೆ ಮಾತ್ರ ನಿಷೇಧ! ರಾತ್ರಿ ಹಗಲೂ ಅದೇ ಸಂಕಟ ಅವನಿಗೆ. ಅದಕ್ಕೇ ಈ ಜೋಗುಳದ ಯೋಜನೆ. ತಾನು ಬಾರಿಸಬೇಕು, ಕೂಸು ನಗಬೇಕು, ಅತ್ತೆ ಕರಗಬೇಕು, “ತಗೋರಿ, ಎತಗೋರಿ” ಅನ್ನಬೇಕು!

ಆದರೆ ಮೂರನೆಯ ತಿಂಗಳಿಗೆ ಇಟ್ಟಿದ್ದ ತೊಟ್ಟಿಲ ಕಾರ್ಯದ ದಿನ ಮಧ್ಯಾಹ್ನ ಚೀಲದಿಂದ ಗಿಟಾರ್ ತೆಗೆದು ನೋಡುತ್ತಾನೆ, ತಂತಿಗಳಿಗೆಲ್ಲ ತುಕ್ಕು. ಹೊಸ ತಂತಿ ಜೊತೆಗೇ ತಂದಿದ್ದ, ಸರಿ. ಆಸರೆ? ಮಂಚದ ಮೇಲೆ ಗಿಟಾರ್ ಮಲಗಿಸಿ ಕುತ್ತಿಗೆಯ ಕೆಳಗೆ ಟವೆಲ್ ಮಡಚಿಟ್ಟ; ಜಾರಿತು. ಹಿಟ್ಟಿನ ಡಬ್ಬಿ ಇಟ್ಟ. ಗಿಟಾರ್ ಮುಗಿಲು ನೋಡತೊಡಗಿತು. ಖಡಕ್ ರೊಟ್ಟಿಯ ಬುಟ್ಟಿಗೆ ಕೈ ಹಾಕಿದಾಗ, ಕೂಸನ್ನು ಬಚ್ಚಲಿಗೆ ಒಯ್ಯುತ್ತಿದ್ದ ಅತ್ತೆ ಬಾಗಿಲಿನಿಂದಲೇ ಕಣ್ಣು ಬಿಟ್ಟರು.

ಆಗ ಕಂಡಿತು, ಕೂಸಿನ ಸಾಸಿವೆ ದಿಂಬು!

ಅತ್ತೆ ತಮ್ಮ ಹಳೆಯ ಮೆತ್ತನೆ ಸೀರೆಯಲ್ಲಿ ಹೊಲಿದು, ಒಳಗೆ ಸಾಸಿವೆ ತುಂಬಿದ್ದ ಅಂಗೈಯಗಲದ ದಿಂಬು. ಕೂಸಿನ ತಲೆ ದುಂಡಗಾಗಲಿ ಎಂದು ಮಾಡಿದ್ದು. ಆ ಓಣಿಯ ಎಷ್ಟೋ ತಲೆಗಳು ಶಿವಕಾಂತಾರ ದಿಂಬಿನ ಮೇಲೆಯೇ ದುಂಡಗಾಗಿದ್ದವು. ಆ ವಿಷಯದಲ್ಲಿ ಅವರ ಹೆಮ್ಮೆ ಸಣ್ಣದಲ್ಲ. ಕೂಸು ಈಗ ಬಚ್ಚಲಲ್ಲಿ ಅಜ್ಜಿಯ ಕಾಲ ಮೇಲೆ ಎಣ್ಣೆ ನೀರು ಹಾಕಿಸಿಕೊಳ್ಳುತ್ತಿತ್ತು. ದಿಂಬು ಖಾಲಿ ಇತ್ತು. ವಿಶ್ವಾರಾಧ್ಯ ಅದನ್ನು ತಂದು ಗಿಟಾರಿನ ಕುತ್ತಿಗೆಗೆ ಕೊಟ್ಟ. ಆಹಾ! ಸಾಸಿವೆ ಸರಿದು, ಜಾಗ ಮಾಡಿಕೊಟ್ಟು, ಕುತ್ತಿಗೆಯನ್ನು ತಬ್ಬಿಕೊಂಡಿತು.

“ಶಹಬ್ಬಾಸ್!” ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಹಳೆಯ ತಂತಿ ಸಡಿಲಿಸಿದ, ಕತ್ತರಿಸಿದ, ಕಿತ್ತ. ಕೊನೆಯ ಸಣ್ಣ ತಂತಿಯ ತುದಿಯೊಂದು ಸುರುಳಿಯಾಗಿ ಹೋಗಿ ದಿಂಬಿನ ಹೊಲಿಗೆಗೆ ಸಿಕ್ಕಿಕೊಂಡದ್ದು ಅವನಿಗೆ ಕಾಣಲಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಹೆಜ್ಜೆ ಸಪ್ಪಳ. ಗಾಬರಿಯಿಂದ ದಿಂಬನ್ನು ಜಗ್ಗಿದ. ಪರ್ರ್!

ಎಲ್ಲಿ ಹರಿಯಿತೆಂದು ನೋಡಲು ದಿಂಬನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದ ನೋಡಿ, ಅದೇ ಆದ ತಪ್ಪು! ಕೆಳಗೆ ತಂತಿಯಿಲ್ಲದ ಗಿಟಾರು ದುಂಡಗೆ ಬಾಯಿ ತೆರೆದು ಮಲಗಿತ್ತು. ಸಾಸಿವೆ ಝರ್ ಎಂದು ನೇರ ಅದರ ಹೊಟ್ಟೆಗೇ ಇಳಿಯಿತು. ಉಳಿದದ್ದು ಮಂಚ, ನೆಲ, ಅವನ ಲುಂಗಿ ಎಲ್ಲ ಕಡೆ ಹರಡಿತು.

ಬಾಗಿಲಲ್ಲಿ ಹೆಂಡತಿ ಸುನಿತಾ! ವಿಶ್ವಾರಾಧ್ಯ ಥಟ್ಟನೆ ದಿಂಬನ್ನು ಬೆನ್ನ ಹಿಂದೆ ಬಚ್ಚಿಟ್ಟು, ಲುಂಗಿ ಹರವಿ, ಚೆಲ್ಲಿದ ಸಾಸಿವೆಯ ಮೇಲೆಯೇ ಕುಳಿತುಬಿಟ್ಟ.

“ರೀ, ಕೂಸಿನ ದಿಂಬು ಕಂಡ್ರೇನು? ತೊಟ್ಟಿಲಾ ಸಿಂಗಾರ ಮಾಡಾಕತ್ತೇವಿ, ಅದರಾಗ ಇಡಬೇಕು.”

“ಇಲ್ಲೇ ಎಲ್ಲ್ಯರೆ ಇರಬೇಕು. ನೀ ಹೋಗು, ನಾ ತರ್ತೇನಿ.”

“ನೀವ್ಯಾಕ ಹಂಗ ಕಾಲು ಚಾಚಿ ನೆಲದ ಮ್ಯಾಲ ಕುಂತೀರಿ?”

“ಯೋಗಾಸನ!”

“ಊಟ ಆದ ಮ್ಯಾಲ?”

“ಅದಕ್ಕೇ ಕುಂತು ಮಾಡಾಕತ್ತೇನಿ!”

ಸುನಿತಾ ಒಂದು ಕ್ಷಣ ಅವನನ್ನೂ ಗಿಟಾರನ್ನೂ ನೋಡಿ, ನಿಟ್ಟುಸಿರು ಬಿಟ್ಟು ಹೋದಳು.

ಗಿಟಾರನ್ನು ಬೋರಲು ಹಾಕಿ ಅಲ್ಲಾಡಿಸಿದ. ಅರ್ಧ ಸಾಸಿವೆ ಉದುರಿತು. ಉಳಿದರ್ಧ ಅತ್ತೆಯ ಮನೆಗೆ ಬಂದ ಅಳಿಯನಂತೆ ಒಳಗೇ ಬೀಡುಬಿಟ್ಟಿತು. ನೆಲದ ಸಾಸಿವೆ ಗುಡಿಸಿದರೆ ಧೂಳೂ ಕೂಡಿ ಬಂತು. ಅದನ್ನು ಕೂಸಿನ ತಲೆಯಡಿ ಇಡಲು ಮನಸ್ಸಾಗಲಿಲ್ಲ. ಅಡುಗೆಮನೆಯ ಸಾಸಿವೆ ಡಬ್ಬಿಯ ಸುತ್ತ ಹೆಂಗಸರ ಕೋಟೆ. ಮೂಲೆಯಲ್ಲಿ ಇವನೇ ಮಿಲ್ಲಿನಿಂದ ತಂದಿದ್ದ ತೊಗರಿಬೇಳೆಯ ಚೀಲವಿತ್ತು. ‘ಸಾಸಿವೆ ಆದರೇನು, ಬೇಳೆ ಆದರೇನು? ಕೂಸಿಗೇನು ತಿಳೀತದ!’ ಎಂದು ಮುಷ್ಟಿ ಮುಷ್ಟಿ ತುಂಬಿದ. ಅತ್ತೆ ಹೊಲಿಯುತ್ತಿದ್ದ ಕೌದಿಗೆ ಚುಚ್ಚಿಟ್ಟಿದ್ದ ಸೂಜಿ ದಾರ ಎಗರಿಸಿ ಬಾಯಿ ಹೊಲಿದ. ಮಿಲ್ಲಿನಲ್ಲಿ ಆಳು ಬಾರದ ದಿನ ಚೀಲದ ಬಾಯಿ ಹೊಲಿಯುವವನು ಇವನೇ. ಹೊಲಿಗೆ ಸರಸರ ಬಿತ್ತು! ದಿಂಬು ತೊಟ್ಟಿಲು ಸೇರಿತು. ಗಿಟಾರಿಗೆ ಹೊಸ ತಂತಿಯನ್ನೂ ಬಿಗಿದ, ಈ ಸಲ ಅದರ ಕುತ್ತಿಗೆಗೆ ಇವನ ತೊಡೆಯೇ ಆಸರೆ.

ಸಂಜೆ ಮನೆ ತುಂಬ ಜನ. ಶಿವಕಾಂತಾ ಕೂಸನ್ನು ತೊಟ್ಟಿಲಿಗೆ ಹಾಕಿ, ಘತ್ತರಗಿಯ ದೇವಿಯನ್ನು ನೆನೆದು ಕಿವಿಯಲ್ಲಿ “ಭಾಗ್ಯವಂತಿ” ಎಂದು ಆ ದೇವಿಯ ಹೆಸರನ್ನೇ ಉಸುರಿದರು. ಭಾಗ್ಯವಂತಿ ದಿಂಬಿನ ಮೇಲೆ ತಲೆಯಿಟ್ಟಳು. ಮುಖ ಕಿವುಚಿದಳು. ಆಮೇಲೆ ಕಿಟಾರನೆ ಕಿರುಚಿದಳು ನೋಡಿ, ರಸ್ತೆಯಲ್ಲಿ ಗಾಣಗಾಪುರಕ್ಕೆ ಹೊರಟವರೂ ಗಾಡಿ ನಿಲ್ಲಿಸಿ ಇಣುಕಿದರು!

“ಹೊಟ್ಟಿ ನೋಯಾಕತ್ತಿರಬೇಕು.”

“ದೃಷ್ಟಿ ಆಗ್ಯಾದ್ರಿ ಯಕ್ಕಾ.”

ಪಕ್ಕದ ಮನೆಯ ಶಮ್ಸುನ್ನಿಸಾ ಎತ್ತಿಕೊಂಡು, “ಅರೇ ಮೇರಿ ಬಚ್ಚಿ, ಸುಮ್ಕಿರವ್ವಾ” ಎಂದು ಮುದ್ದಿಸಿದರೆ ತುಸು ಸುಮ್ಮನಾಗುವುದು, ತೊಟ್ಟಿಲಿಗೆ ಹಾಕಿದರೆ ಮತ್ತೆ ಅದೇ ರಾಗ. ಕಾರಣ ಗೊತ್ತಿದ್ದವನು ಒಬ್ಬನೇ. ಮಗಳ ಕೆಂಪಾದ ಮುಖ ನೋಡಿ ವಿಶ್ವಾರಾಧ್ಯ ಜನರನ್ನು ಸರಿಸಿ ಮುಂದೆ ಬಂದ. ಹೇಳಿಯೇ ಬಿಡೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಶಿವಪ್ರಕಾಶ ಗಿಟಾರ್ ತಂದು ಕೈಗಿಟ್ಟ. “ಬಾರಸ್ರಿ ಮಾಮಾ, ಸ್ಪೀಕರ್ ಬ್ಯಾಡ ಅಂದೀರಿ!”

ಬೇರೆ ದಾರಿಯಿಲ್ಲದೆ ಕುಳಿತು ಗಿಟಾರನ್ನು ತೊಡೆಗೇರಿಸಿದ. ಝಳ್!

ಕೂಸಿನ ಅಳು ನಿಂತಿತು. ಎಲ್ಲರೂ ಬೆರಗಾದರು. ವಿಶ್ವಾರಾಧ್ಯ ಹುರುಪಿನಿಂದ ತಂತಿ ಮೀಟಿದ. ಕೂಸು ಹೌಹಾರಿ ಇನ್ನೂ ಜೋರಾಗಿ ಅತ್ತಿತು. ಗಾಬರಿಗೆ ಗಿಟಾರ್ ಅಲುಗಿತು. ಝಳ್ ಝಳ್! ಕೂಸು ಕಣ್ಣರಳಿಸಿ ನಕ್ಕಿತು!

“ಮಾಮಾ, ಅದರಾಗ ಏನದ?”

ಶಿವಕಾಂತಾ ತೊಟ್ಟಿಲಿಗೆ ಬಾಗಿದರು. ಕೂಸನ್ನು ಒಂದು ಕೈಯಿಂದ ಎತ್ತಿಕೊಂಡು, ಇನ್ನೊಂದು ಕೈಯಿಂದ ದಿಂಬು ಹೊರತೆಗೆದು ಹಿಚುಕಿ ನೋಡಿದರು. ಹೊಲಿಗೆಯನ್ನು ದೀಪಕ್ಕೆ ಹಿಡಿದರು.

“ಇದು ನನ್ನ ಹೊಲಿಗಿ ಅಲ್ಲ. ಇದು ಚೀಲದ ಹೊಲಿಗಿ!”

ಹಲ್ಲಿನಿಂದ ದಾರ ಕಡಿದರು. ತೊಗರಿಬೇಳೆ ಬುಳಬುಳ ಉದುರಿತು. ಮನೆಯವರ ಕಣ್ಣೆಲ್ಲ ಒಟ್ಟಿಗೇ ದಾಲ್ ಮಿಲ್ಲಿನ ಗುಮಾಸ್ತನ ಕಡೆ ತಿರುಗಿದವು.

“ಕುತ್ತಿಗಿಗಿ ಆಸರಾ ಬೇಕಾಗಿತ್ರಿ, ಅತ್ತ್ಯಾರ...”

“ಯಾರ ಕುತ್ತಿಗಿಗಿ?”

“ಗಿಟಾರಿನ ಕುತ್ತಿಗಿಗ್ರಿ.”

ಮೊದಲು ಕಿಸಕ್ಕೆಂದವಳು ಸುನಿತಾ. “ಯೋಗಾಸನ!” ಎಂದು ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಆಮೇಲೆ ಓಣಿಗೆ ಓಣಿಯೇ ನಕ್ಕಿತು. ವಿಶ್ವಾರಾಧ್ಯನ ಕಣ್ಣಲ್ಲಿ ನೀರಾಡಿತು. ನಗುವವರು ನಗಲಿ, ಇನ್ನು ಈ ಜನ್ಮದಲ್ಲಿ ಕೂಸು ತನ್ನ ಕೈಗೆ ಸಿಗುವುದಿಲ್ಲವಲ್ಲ!

ಶಿವಕಾಂತಾ ಎದುರು ಬಂದು ನಿಂತರು. “ಕಟಗಿ ಕುತ್ತಿಗಿ ಇಷ್ಟು ಸಂಭಾಳಸೋರಿಗಿ ಕೂಸಿನ ಕುತ್ತಿಗಿ ಯಾಕ ಬರಂಗಿಲ್ಲ? ಗಿಟಾರ್ ಕೆಳಗ ಇಡ್ರಿ. ಕೈ ಚಾಚ್ರಿ. ದಿಂಬು ಹಾಳ ಮಾಡೀರಲ್ಲ, ಹೊಸಾದು ಹೊಲಿಯೂತನಾ ನಿಮ್ಮ ಕೈಯೇ ದಿಂಬು!”

ಕೂಸು ಕೈಗೆ ಬಂತು! ಒಂದು ಕೈ ಕುತ್ತಿಗೆಯಡಿ, ಇನ್ನೊಂದು ಬೆನ್ನಡಿ. ವಿಶ್ವಾರಾಧ್ಯ ಚಕ್ಕಂಬಕ್ಕಲ ಹಾಕಿ ಕುಳಿತು, ಉಸಿರಾಡಿದರೂ ಅಲುಗೀತೆಂದು ಉಸಿರನ್ನೂ ಸಣ್ಣಗೆ ಮಾಡಿಕೊಂಡ. ಅಂಗೈಯಲ್ಲಿ ಮಗಳ ಬೆಚ್ಚನೆ ತಲೆ. ಆ ಸುಖದ ಮುಂದೆ ಓಣಿಯ ನಗೆ ಯಾವ ಲೆಕ್ಕ?

ಅಷ್ಟರಲ್ಲಿ ಭಾಗ್ಯವಂತಿ ಮತ್ತೆ ಮುಖ ಕಿವುಚಿದಳು. ಶಿವಕಾಂತಾ ಹಿಂದೆ ಮುಂದೆ ನೋಡದೆ ಗಿಟಾರನ್ನು ಕುತ್ತಿಗೆಯಲ್ಲೇ ಹಿಡಿದು ಮೇಲೆತ್ತಿ ಝಳಝಳ ಅಲ್ಲಾಡಿಸತೊಡಗಿದರು. ವಿಶ್ವಾರಾಧ್ಯನ ಜೀವ ಬಾಯಿಗೆ ಬಂತು. ಬಿಡಿಸಿಕೊಳ್ಳೋಣವೆಂದರೆ ಎರಡೂ ಕೈ ಕೂಸಿನಡಿ!

“ಅತ್ತ್ಯಾರ, ಕುತ್ತಿಗಿ! ಕುತ್ತಿಗಿ ಸಂಭಾಳಸ್ರಿ!”

ಹೆಂಗಸರೆಲ್ಲ ಗಾಬರಿಯಾಗಿ ಕೂಸಿನ ಕಡೆ ನೋಡಿದರು. ಕೂಸು ಕೇಕೆ ಹಾಕಿ ನಗುತ್ತಿತ್ತು.

ಶಿವಕಾಂತಾ ಗಿಟಾರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಹೇಳಿದರು: “ಗಿಲಕಿ ಭಾಳ ಚಲೋ ತಂದೀರಿ ಅಳಿಯಾರ. ಹಿಡಿಕಿ ಒಂದೇ ಜರಾ ಉದ್ದ ಆಗ್ಯಾದ.”