ದೇವರ ಪಕ್ಕದ ಚೀನೀ ಅಕ್ಷರ

ಲಂಡನ್ನಿಗೆ ಬಂದು ಇಷ್ಟು ವರ್ಷವಾದರೂ ನನಗೆ ಓದಲು ಬರುವುದು ಒಂದೇ ಒಂದು ಚೀನೀ ಅಕ್ಷರ. ಅದೊಂದೇ ಕಳೆದಷ್ಟು ಮಾನವನ್ನು ನಮ್ಮ ವರ್ಣಮಾಲೆ ಪೂರ್ತಿ ಸೇರಿದರೂ ಕಳೆದಿಲ್ಲ.

ಗೃಹಪ್ರವೇಶ

ತೊಂಬತ್ತರ ದಶಕದಲ್ಲಿ ಲಂಡನ್ನಿನ ಅಂಚಿನ ಪಿನ್ನರ್‌ನಲ್ಲಿ ಮನೆ ಕೊಂಡೆವು. ನಾನೂ ನನ್ನ ಗಂಡನೂ ಆಸ್ಪತ್ರೆಯ ಡಾಕ್ಟರುಗಳು. ಇಬ್ಬರಿಗೂ ಡ್ಯೂಟಿ ಬಿದ್ದ ದಿನ ಮಗಳನ್ನು ಶಾಲೆಯಿಂದ ಕರೆತಂದು ಅನ್ನ ಹಾಕುತ್ತಿದ್ದವರು ಪಕ್ಕದ ಮನೆಯ ಚೀನೀ ಆಂಟಿ. ಆ ತಾಯಿ ಇಲ್ಲದಿದ್ದರೆ ನಾನು ಕೆಲಸ ಬಿಡಬೇಕಿತ್ತು.

ಗೃಹಪ್ರವೇಶಕ್ಕೆ ಅವರು ತಾವೇ ಕುಂಚದಲ್ಲಿ ಒಂದು ಅಕ್ಷರ ಬರೆದು, ಫ್ರೇಮ್ ಹಾಕಿಸಿ ತಂದರು: 家. "ಮನೆ ಅಂತ ಅರ್ಥ," ಎಂದರು. ನನ್ನ ಕಣ್ಣು ತುಂಬಿತು. ಹಾಲಿನಲ್ಲಿದ್ದ ದೇವರ ಪಟಗಳ ಪಕ್ಕದಲ್ಲೇ ತೂಗುಹಾಕಿ ಕುಂಕುಮ ಇಟ್ಟೆ. ಆಂಟಿ ಏನೋ ಹೇಳಲು ಬಾಯಿ ತೆರೆದವರು, ಆ ಬಾಯಿಗೆ ಕೋಸಂಬರಿ ಹಾಕಿಕೊಂಡರು.

ಮನೆ ಊಟ

ಒಂದಕ್ಷರ ಬಂದರೆ ಸಾಕು, ಕಂಡ ಕಂಡ ಬೋರ್ಡು ಓದುವ ಚಪಲ. ಗೆಳತಿಯರ ಜೊತೆ ಚೈನಾಟೌನಿಗೆ ಹೋದಾಗ ಒಂದು ಹೋಟೆಲಿನ ಮೇಲೆ ನನ್ನ ಅಕ್ಷರ ಕಂಡಿತು. "ಬನ್ರೇ, ಇಲ್ಲಿ ಮನೆ ಊಟ ಸಿಗುತ್ತೆ!" ಎಂದು ಎಲ್ಲರನ್ನೂ ಎಳೆದುಕೊಂಡು ಹೋದೆ.

ಕಿಟಕಿಯ ಗಾಜಿನ ಹಿಂದೆ ಒಂದು ಇಡೀ ಹಂದಿ ಕೊಕ್ಕೆಗೆ ನೇತಾಡುತ್ತಿತ್ತು.

"ಯಾರ ಮನೆ ಊಟಾನೇ ಇದು?" ಎಂದಳು ಗೆಳತಿ.

ಸಂಜೆ ಆಂಟಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು. "ನೀನು ಸರಿಯಾಗೇ ಓದಿದ್ದೀಯ. ಆ ಅಕ್ಷರದಲ್ಲಿ ಮೇಲಿರುವುದು ಸೂರು, ಕೆಳಗಿರುವುದು ಹಂದಿ. ಹಿಂದಿನ ಕಾಲದಲ್ಲಿ ಹಂದಿ ಸಾಕಿದ್ದರೇ ನಮ್ಮಲ್ಲಿ ಮನೆ."

ಅಲ್ಲಿಯವರೆಗೂ ನಾನು ದಿನಾ ಬೆಳಿಗ್ಗೆ ಹಂದಿಗೆ ಊದುಬತ್ತಿ ಬೆಳಗಿದ್ದೆ.

ಅತ್ತೆ ಬಂದರು

ಮರುವರ್ಷ ಬೇಸಿಗೆಗೆ ಮೈಸೂರಿನಿಂದ ಅತ್ತೆ ಬಂದರು. ಈರುಳ್ಳಿ ಮುಟ್ಟಿದ ಕೈಯನ್ನೂ ದೇವರ ಹತ್ತಿರ ತರಬಾರದು ಎನ್ನುವವರು. ಫ್ರೇಮ್ ತೆಗೆದರೆ ಆಂಟಿ ನೊಂದುಕೊಳ್ಳುತ್ತಾರೆ. ಹಾಗೇ ಬಿಟ್ಟು, ಗುಟ್ಟು ರಟ್ಟಾದರೆ ಅತ್ತೆ ನಮ್ಮ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಅದು ಆಂಟಿ ಬರೆದ 'ಮನೆ' ಎಂಬ ಅಕ್ಷರ ಎಂದಷ್ಟೇ ಅತ್ತೆಗೆ ಹೇಳಿ, ವಿಷ್ಣುವೇ ವರಾಹನಾಗಲಿಲ್ಲವೇ ಎಂಬ ವಾದವನ್ನು ಉರುಹೊಡೆದು ಇಟ್ಟುಕೊಂಡೆ.

ಒಂದು ಮಧ್ಯಾಹ್ನ ಆಂಟಿ ಕಾಫಿಗೆ ಬಂದರು. ಅತ್ತೆಗೆ ಇಂಗ್ಲಿಷ್ ಬಾರದು. ಫ್ರೇಮ್ ತೋರಿಸಿ, ಬಹಳ ಚೆನ್ನಾಗಿದೆ ಎಂದು ತಲೆದೂಗಿದರು. ಆಂಟಿ ಹಿಗ್ಗಿಹೋದರು. ನಾನು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಆಂಟಿ ಅಕ್ಷರದ ಅರ್ಥ ತಿಳಿಸಲು ಎರಡೂ ಕೈಗಳನ್ನು ತಲೆಯ ಮೇಲೆ ಸೂರಿನಂತೆ ಜೋಡಿಸಿ, ಮೂಗಿನಿಂದ "ಗೊರ್ರ್, ಗೊರ್ರ್" ಎಂದೇಬಿಟ್ಟರು.

ಅದಕ್ಕೆ ಉತ್ತರ ಕೊಟ್ಟ ಹಾಗೆ, ನೈಟ್ ಡ್ಯೂಟಿ ಮುಗಿಸಿ ಬಂದು ಸೋಫಾದ ಮೇಲೆ ಬಿದ್ದಿದ್ದ ನನ್ನ ಗಂಡನ ಗೊರಕೆ ಕೇಳಿಸಿತು.

"ಅತ್ತೆ, ವರಾಹಸ್ವಾಮಿ..." ಎಂದು ತೊದಲಿದೆ.

"ಸುಮ್ನಿರೇ," ಎಂದರು ಅತ್ತೆ, ಮಗನನ್ನೇ ನೋಡುತ್ತ. "ಸರಿಯಾಗೇ ಬರೆದಿದಾಳೆ. ಮೇಲೊಂದು ಸೂರು, ಕೆಳಗೊಂದು ಹಂದಿ. ನಾವು ಹೆಂಗಸರು ಇದನ್ನೇ ತಾನೇ ಮನೆ ಅಂತ ಸಾಕ್ಕೊಂಡು ಬಂದಿರೋದು?"

ಆಮೇಲೆ ಆಂಟಿಯ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. "ನನ್ನ ಮೊಮ್ಮಗಳಿಗೆ ಅನ್ನ ಹಾಕಿದ ಕೈ ಇದು." ಅದನ್ನು ನಾನು ಆಂಟಿಗೆ ಇಂಗ್ಲಿಷಿನಲ್ಲಿ ಹೇಳಿದೆ. ನಾನು ಇಷ್ಟು ದಿನ ಹೇಳಲಾಗದ್ದನ್ನು ಅತ್ತೆ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು.

ಊರಿಗೆ ಹೊರಡುವ ಮುಂಚೆ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು. "ಅವಳ ಹತ್ರ ಇಂಥದ್ದೇ ಇನ್ನೊಂದು ಬರೆಸಿಕೊಡೇ, ಮೈಸೂರಿಗೆ ತಗೊಂಡು ಹೋಗ್ತೀನಿ. ಅಲ್ಲೂ ನಿಮ್ಮ ಮಾವನವರು ಗೊರಕೆ ಹೊಡೀತಾ ಮಲಗಿದಾರಲ್ಲ."