ಒರೆಸುವ ಅಧಿಕಾರ

ನಮ್ಮ ಕಚೇರಿಯ ಕಸ ಗುಡಿಸುವ ರೋಬೋಟು, ಬಂದ ಹದಿನೆಂಟನೆಯ ದಿನ ಬೆಳಗ್ಗೆ ಚಾಲೂ ಆಗಲಿಲ್ಲವೆಂದು ಈ ಮೂಲಕ ದಾಖಲಿಸಲಾಗಿದೆ.

ತಟ್ಟೆಯಾಕಾರದ ಈ ಯಂತ್ರ ಬಂದ ದಿನವೇ ಸಾಹೇಬರ ಆದೇಶ ಹೊರಟಿತ್ತು: "ಇನ್ನು ಮುಂದೆ ಕಚೇರಿಯ ಸಮಸ್ತ ಸ್ವಚ್ಛತೆಯನ್ನು ಯಂತ್ರವೇ ನಿರ್ವಹಿಸತಕ್ಕದ್ದು. ಇತರರು ಕೈಹಾಕಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು." ಇಪ್ಪತ್ತು ವರ್ಷ ಇಲ್ಲಿ ಕಸ ಗುಡಿಸಿದ್ದ ಅಕ್ಕನ ಪೊರಕೆಯನ್ನು ಉಗ್ರಾಣಕ್ಕೆ ಜಮಾ ಮಾಡಿಸಿಕೊಂಡು, ಆಕೆಯನ್ನು ಯಂತ್ರದ ಕಾವಲಿಗೆ ಕೂರಿಸಲಾಗಿತ್ತು.

ಗುಮಾಸ್ತರು ಕೈಪಿಡಿ ತೆರೆದು ಗಟ್ಟಿಯಾಗಿ ಓದಿದರು: "ಚಾಲೂ ಗುಂಡಿಯ ಸಂದಿಯಲ್ಲಿ ಧೂಳು ಸೇರಿದ್ದರೆ ಬಟ್ಟೆಯಿಂದ ಒರೆಸಿ ತೆಗೆಯಿರಿ."

ಅಕ್ಕ ಬಗ್ಗಿ ನೋಡಿದಳು. "ಧೂಳೇ ಸಾರ್. ಒಂದು ಬಟ್ಟೆ ಕೊಡಿ, ಒರೆಸಿಬಿಡ್ತೀನಿ."

"ಒರೆಸೋದು ಸ್ವಚ್ಛತೆ ಅಲ್ವೇನಮ್ಮ? ಅದು ಯಂತ್ರದ ಕೆಲಸ."

"ಯಂತ್ರ ಕೆಟ್ಟು ಕೂತಿದೆಯಲ್ಲ?"

"ಕೆಟ್ಟಿದೆ ಅಂತ ಯಾರು ಬರೆದುಕೊಟ್ಟಿದ್ದಾರೆ?"

ಯಾರೂ ಬರೆದುಕೊಟ್ಟಿರಲಿಲ್ಲ. ಹಾಗಾಗಿ, ತನ್ನ ಗುಂಡಿಯನ್ನು ತಾನೇ ಒರೆಸಿಕೊಳ್ಳುವಂತೆ ಯಂತ್ರಕ್ಕೆ ನೋಟಿಸು ಅಂಟಿಸಿ, ಏಳು ದಿನಗಳ ಕಾಲಾವಕಾಶ ನೀಡಲಾಯಿತು. ಯಂತ್ರ ಉತ್ತರಿಸಲಿಲ್ಲ. ಅಷ್ಟರಲ್ಲಿ ನಮ್ಮ ಹೆಜ್ಜೆ ಗುರುತುಗಳು ನೆಲದ ಮೇಲೆ ಸ್ಪಷ್ಟವಾಗಿ ಮೂಡತೊಡಗಿದವು. ಯಾರು ಎಷ್ಟು ಸಲ ಚಹಾಕ್ಕೆ ಎದ್ದು ಹೋದರೆಂದು ತಿಳಿಯಲು ಸಾಹೇಬರಿಗೆ ಅನುಕೂಲವೇ ಆಯಿತು.

ಎಂಟನೆಯ ದಿನ ಅಕ್ಕನಿಗೆ ತಡೆಯಲಾಗಲಿಲ್ಲ. ಎಲ್ಲರೂ ಊಟಕ್ಕೆ ಹೋಗಿದ್ದಾಗ ತನ್ನ ಕರವಸ್ತ್ರದ ತುದಿಯಿಂದ ಸಂದಿಯ ಧೂಳು ತೆಗೆದು ಗುಂಡಿ ಒತ್ತಿದಳು. ಯಂತ್ರ ಗುರ್ರೆಂದು ಹೊರಟಿತು. ನಾವು ಬರುವಷ್ಟರಲ್ಲಿ ಅರ್ಧ ಕೋಣೆ ಫಳಫಳ ಹೊಳೆಯುತ್ತಿತ್ತು. ಅಕ್ಕನ ಮುಖವೂ ಅಷ್ಟೇ. ಸಾಹೇಬರ ಮುಖ ಮಾತ್ರ ಕಪ್ಪಿಟ್ಟಿತು.

"ಯಾರ ಅಪ್ಪಣೆ ಮೇಲೆ ಇದು ಓಡ್ತಾ ಇದೆ?"

"ನಾನೇ ಒರೆಸಿದೆ ಸಾರ್. ತಪ್ಪಾಯ್ತಾ?"

"ನೋಟಿಸಿಗೆ ಉತ್ತರ ಬರೋಕೆ ಮುಂಚೆನೇ ರಿಪೇರಿ! ಕೆಲಸ ಉಳೀಬೇಕಾದ್ರೆ ಮೊದಲು ಹೇಗಿತ್ತೋ ಹಾಗೆ ಮಾಡಮ್ಮ."

ಅಕ್ಕ ನಮ್ಮೆಲ್ಲರ ಮುಖ ನೋಡಿದಳು. ನಾವು ಕಡತ ನೋಡಿದೆವು. ಆಕೆ ಯಂತ್ರವನ್ನು ನಿಲ್ಲಿಸಿ, ಅದರ ಹೊಟ್ಟೆಯ ಡಬ್ಬಿ ಬಿಚ್ಚಿ, ಧೂಳನ್ನು ಮುಷ್ಟಿಯಲ್ಲಿ ಹಿಡಿದು ಕೇಳಿದಳು: "ಎಷ್ಟು ತುಂಬಲಿ ಸಾರ್?"

"ಮೊದಲಿದ್ದಷ್ಟೇ. ಹೆಚ್ಚು ತುಂಬಿದ್ರೆ ಅದು ಕಚೇರಿ ಧೂಳಿನ ದುರ್ಬಳಕೆ."

ಸಂದಿಗೆ ತುಂಬಿದಳು. ಉಳಿದದ್ದನ್ನು ಶುಭ್ರವಾಗಿದ್ದ ಅರ್ಧ ಕೋಣೆಗೆ ಸಮನಾಗಿ ಹರಡಿದಳು. ಗುಮಾಸ್ತರು ಗುಂಡಿ ಒತ್ತಿ ನೋಡಿ, ಯಂತ್ರ ತೃಪ್ತಿಕರವಾಗಿ ಚಾಲೂ ಆಗುತ್ತಿಲ್ಲವೆಂದು ದೃಢೀಕರಿಸಿ ಸಹಿ ಹಾಕಿದರು. ಸಾಹೇಬರು ಕೆಮ್ಮುತ್ತ ಅಭಿನಂದಿಸಿದರು. ನಾವು ಕೆಮ್ಮುತ್ತ ಚಪ್ಪಾಳೆ ತಟ್ಟಿದೆವು.

ಅಕ್ಕ ಈಗ ಮತ್ತೆ ಕಾವಲು ಕುರ್ಚಿಯಲ್ಲಿದ್ದಾಳೆ. ಕೈ ತೊಳೆದುಕೊಳ್ಳಲು ಅನುಮತಿ ಕೋರಿ ಆಕೆ ಸಲ್ಲಿಸಿದ ಅರ್ಜಿಯನ್ನು, ಮುಂದಿನ ಕ್ರಮಕ್ಕಾಗಿ ಯಂತ್ರಕ್ಕೆ ಕಳುಹಿಸಲಾಗಿದೆ.