ಅಕ್ಕನ ಸಕ್ಕರೆ, ನನ್ನ ಹಾಸಿನ ಗಂಜಿ

ಸಾವಿರಾರು ಎಳೆ ನೂಲನ್ನು ಸಿಕ್ಕಾಗದಂತೆ ಮಗ್ಗಕ್ಕೆ ಏರಿಸುವ ಗಂಡಸಿಗೆ ಒಂದು ಹಿಡಿ ಸೊಪ್ಪು ಬೇಯಿಸುವುದು ಯಾವ ದೊಡ್ಡ ಕೆಲಸ? ಹೀಗೆ ಅಂದುಕೊಂಡೇ ನಾನು ಅಡುಗೆಮನೆಗೆ ಕಾಲಿಟ್ಟೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೆ ಧೈರ್ಯಕ್ಕೆ ಎಂದೂ ಕೊರತೆ ಬಿದ್ದಿಲ್ಲ.

ನನ್ನ ಅಕ್ಕ ಶಾಂತಾಮಣಿಗೆ ಸಕ್ಕರೆ ಕಾಯಿಲೆ. ಜೊತೆಗೆ ಎರಡು ಕಣ್ಣಿಗೂ ಪೊರೆ. ಭಾವ ತೀರಿಕೊಂಡ ಮೇಲೆ ಅವಳು ನಮ್ಮ ಜೊತೆಯಲ್ಲೇ ಇದ್ದಾಳೆ. ನಮ್ಮದು ಸೀರೆ ನೇಯುವ ಮನೆ. ಹಾಸು ಅಂದರೆ ಸೀರೆಯ ಉದ್ದಕ್ಕೆ ಓಡುವ ನೂಲು. ಹಳೇ ಹಾಸು ಮುಗಿದಾಗ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಜೋಡಿಸಬೇಕು. ಮಡತ್ತುಕುಳಂನ ನಮ್ಮ ಬೀದಿಯಲ್ಲಿ ಆ ಕೆಲಸಕ್ಕೆ ಅಕ್ಕನನ್ನು ಬಿಟ್ಟರೆ ಆಳಿರಲಿಲ್ಲ. ಈಗ ಅವಳ ಕಣ್ಣಿಗೆ ನೂಲೂ ಒಂದೇ, ಹೊಗೆಯೂ ಒಂದೇ. ಕೊಯಮತ್ತೂರಿನ ಕಣ್ಣಿನ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು: "ಸಕ್ಕರೆ ಇಳಿಸಿಕೊಂಡು ಬನ್ನಿ. ಆಮೇಲೆ ಆಪರೇಷನ್."

ಇಳಿಸುವ ಹೊಣೆಯನ್ನು ನಾನು ಸಂತೋಷದಿಂದ ಹೊತ್ತುಕೊಂಡೆ. ಹೆಂಡತಿ ಸರೋಜ ಬೆಳಗ್ಗೆಯೇ ಬನಿಯನ್ ಕಂಪನಿಯ ವ್ಯಾನ್ ಹತ್ತಿ ಹೋದರೆ ಬರುವುದು ಸಂಜೆ. ಹೊರಡುವಾಗ ವ್ಯಾನಿನ ಮೆಟ್ಟಿಲ ಮೇಲೆ ನಿಂತೇ ಪಾಠ ಹೇಳಿದಳು.

"ಸೊಪ್ಪು, ತರಕಾರಿ ಜಾಸ್ತಿ ಹಾಕಿ. ಹುರುಳಿ ಇಲ್ಲಾಂದ್ರೆ ಹೆಸರುಕಾಳು ಇರ್ಲಿ. ಅನ್ನ ಮಾತ್ರ ಒಂದು ಹಿಡಿ. ಅಷ್ಟೇ ತಾನೆ? ನಿಮ್ಮ ತಲೆ ಓಡಿಸ್ಬೇಡಿ."

ಓಡಿಸಿದೆ.

ತಪ್ಪು ಪೂರ್ತಿ ನನ್ನದಲ್ಲ. ಟೀ ಅಂಗಡಿಯಲ್ಲಿ ಒಬ್ಬರು ಗಾಜಿನ ಲೋಟದ ಟೀ ಆರಿಸುತ್ತಾ ಹೇಳಿದರು: "ಕುಕ್ಕರ್ ಅನ್ನ ಉಂಡು ತಾನೆ ಎಲ್ಲರಿಗೂ ಸಕ್ಕರೆ ಬಂದಿರೋದು. ನಮ್ಮಜ್ಜಿ ಕಾಲದಂಗೆ ಬಸಿದು ಉಣ್ಣಿ. ಸಕ್ಕರೆ ಎಲ್ಲಾ ಗಂಜೀಲಿ ಹೋಯ್ತದೆ."

ಗಂಜಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಮೈಯಲ್ಲಿ ಕರೆಂಟು ಹರಿಯಿತು. ಯಾಕೆಂದರೆ ಹಾಸಿನ ನೂಲಿಗೆ ಅಕ್ಕಿ ಗಂಜಿ ಹಾಕಬೇಕು. ಬೆಳಕು ಹರಿಯುವ ಹೊತ್ತಿಗೆ ಬೀದಿಯುದ್ದಕ್ಕೂ ನೂಲು ಹರಡಿ, ಗಂಜಿ ಬಳಿದು, ಕುಂಚದಲ್ಲಿ ತಿದ್ದಿ ಒಣಗಿಸಿದರೇ ನೂಲಿಗೆ ಕಸುವು. ಇಷ್ಟು ದಿನ ಅದಕ್ಕೆಂದೇ ಅಕ್ಕಿ ಬೇಯಿಸುತ್ತಿದ್ದೆ. ಇನ್ನು ಮೇಲೆ ಗಂಜಿ ನೂಲಿಗೆ, ಸಕ್ಕರೆ ಕಳೆದ ಅನ್ನ ಅಕ್ಕನಿಗೆ! ಒಂದೇ ಒಲೆಯಲ್ಲಿ ವೈದ್ಯವೂ ಆಯಿತು, ನೇಯ್ಗೆಯೂ ಆಯಿತು. ಇಂಥ ಯೋಚನೆ ಇಡೀ ಜಿಲ್ಲೆಯಲ್ಲಿ ಯಾರಿಗೂ ಹೊಳೆದಿರಲಾರದು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮೊದಲ ದಿನ ಪಾತ್ರೆ ಚಿಕ್ಕದಾಯಿತು. ಗಂಜಿ ಸಾಲಲಿಲ್ಲ. ಮರುದಿನ ದೊಡ್ಡ ಪಾತ್ರೆ ಇಟ್ಟೆ. ಅದೂ ಸಾಲದೆ ಪಕ್ಕದ ಮನೆಯಿಂದ ಮದುವೆ ಅಡುಗೆಯ ಅಂಡೆ ತಂದೆ. ಗಂಜಿ ಬೇಕಾದಷ್ಟು ಬಂತು. ಅನ್ನವೂ ಬಂತು. ಅದು ಎಲ್ಲಿಗೆ ಹೋಗಬೇಕು? ಅಕ್ಕನ ತಟ್ಟೆಗೆ ಹೋಯಿತು. ಮಧ್ಯಾಹ್ನ ಬಿಸಿಯಾಗಿ, ಸಂಜೆ ಒಗ್ಗರಣೆಯಾಗಿ, ಬೆಳಗ್ಗೆ ಮಜ್ಜಿಗೆ ಬೆರೆತು. ಹುರುಳಿಯ ಡಬ್ಬವನ್ನು ಅಟ್ಟಕ್ಕೆ ಸೇರಿಸಿದೆ. ನುಗ್ಗೆಸೊಪ್ಪು ಮೇಕೆಗೆ ಹೋಯಿತು. ಅವುಗಳಿಂದ ಗಂಜಿ ಬರುವುದಿಲ್ಲವಲ್ಲ!

ಅಕ್ಕ ತಟ್ಟೆಯನ್ನು ಕೈಯಿಂದ ತಡವಿ ನೋಡಿದಳು. ಅನ್ನದ ರಾಶಿ ಮಣಿಕಟ್ಟಿನವರೆಗೆ ಬಂತು.

"ಏನ್‌ಡಾ ತಮ್ಮಾ, ಇದು ಕಾಯಿಲೆಯವಳ ಊಟಾನಾ, ಮದುವೆ ಸಾಪಾಡಾ?"

"ಸುಮ್ನೆ ಉಣ್ಣು ಅಕ್ಕಾ. ಇದ್ರಲ್ಲಿ ಸಕ್ಕರೆ ಇಲ್ಲ. ಸಕ್ಕರೆ ಎಲ್ಲಾ ಹಾಸಿನ ಮೇಲೆ ಐತೆ."

"ನೂಲಿಗೆ ಸಕ್ಕರೆ ಬಂದ್ರೆ ಅದಕ್ಕೂ ಮಾತ್ರೆ ಕೊಡ್ತೀಯೇನೋ."

"ನಗ್ಬೇಡ. ನಿನ್ನೆ ಹಾಸಿನ ನೂಲಿಗೆ ಇರುವೆ ಬಂದಿತ್ತು. ಸಕ್ಕರೆ ಇಲ್ದೆ ಇರುವೆ ಬರ್ತದಾ?"

ಈ ಸಾಕ್ಷಿಯ ಮುಂದೆ ಅಕ್ಕ ಸೋತಳು. ಉಂಡಳು. ನಿಜ ಹೇಳಬೇಕೆಂದರೆ, ಗಂಜಿಯಲ್ಲಿ ನಾನು ಒಂದಿಷ್ಟು ಕೊಬ್ಬರಿ ಎಣ್ಣೆ ಬೆರೆಸುತ್ತೇನೆ. ಇರುವೆ ಬಂದದ್ದು ಅದಕ್ಕೇ ಇರಬಹುದು ಎಂದು ಆಗಲೇ ಒಮ್ಮೆ ಅನ್ನಿಸಿತ್ತು. ಆ ಅನಿಸಿಕೆಯನ್ನು ಬೇಗನೆ ಹೊರಗೆ ಕಳಿಸಿದೆ. ಗಂಜಿ ಅಷ್ಟು ಚೆನ್ನಾಗಿ ಬರುತ್ತಿತ್ತು.

ಪರೀಕ್ಷೆಯ ದಿನ ಸರೋಜ ರಜೆ ಹಾಕಿದಳು. ಮೂವರೂ ಬಸ್ ಹತ್ತಿ ಕೊಯಮತ್ತೂರಿಗೆ ಹೋದೆವು. ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದೆ. ಡಾಕ್ಟರು ಹೊಗಳುವಾಗ ಮುದುಡಿದ ಶರ್ಟಿನಲ್ಲಿರುವುದು ಸರಿಯಲ್ಲ. ದಾರಿಯುದ್ದಕ್ಕೂ ಅಕ್ಕ ಹೊಸ ಕಣ್ಣಿನ ಮಾತನ್ನೇ ಆಡಿದಳು.

ಸಕ್ಕರೆ ಇಳಿದಿರಲಿಲ್ಲ. ಮೊದಲಿಗಿಂತ ಮೇಲೆ ಹೋಗಿತ್ತು!

ಆಪರೇಷನ್ ಮುಂದಕ್ಕೆ ಹೋಯಿತು. ನಮ್ಮನ್ನು ಊಟದ ವಿಚಾರ ಹೇಳುವ ಹುಡುಗಿಯ ಕೋಣೆಗೆ ಕಳಿಸಿದರು. ಅವಳು ತಮಿಳಿನಲ್ಲಿ ಮೆತ್ತಗೆ ಕೇಳಿದಳು: "ಅಮ್ಮಾ, ಮಾತ್ರೆ ಸರಿಯಾಗಿ ತಗೊಳ್ತೀರಲ್ವಾ? ಅನ್ನ ಎಷ್ಟು ಊಟ ಮಾಡ್ತೀರಿ?"

ಅಕ್ಕನಿಗೆ ಸುಳ್ಳು ಬರುವುದಿಲ್ಲ. "ಮಾತ್ರೆ ಒಂದೂ ಬಿಟ್ಟಿಲ್ಲ ಕಣಮ್ಮಾ. ಅನ್ನ ಒಂದು ಹಾಸಿನ ಗಂಜಿಗೆ ಆಗುವಷ್ಟು."

ಹುಡುಗಿಗೆ ಅರ್ಥವಾಗಲಿಲ್ಲ. ಸರೋಜಳಿಗೆ ಆಯಿತು. ಅವಳು ನನ್ನ ಕಡೆ ತಿರುಗಿದ ರೀತಿಗೆ ನನ್ನ ಶರ್ಟಿನ ಇಸ್ತ್ರಿ ಹೋಯಿತು.

"ಪಕ್ಕದ ಮನೆ ಅಂಡೆ ನಮ್ಮನೇಲಿ ಯಾಕೆ ಐತೆ ಅಂತ ಅವತ್ತೇ ಕೇಳ್ದೆ. ನೀರು ಕಾಯಿಸೋಕೆ ಅಂದ್ರಿ."

ನಾನು ಹುಡುಗಿಗೆ ಬಸಿಯುವ ಶಾಸ್ತ್ರವನ್ನು ವಿವರಿಸಿದೆ. ಇರುವೆಯನ್ನೂ ಬಿಡಲಿಲ್ಲ. ಅವಳು ನಗು ತಡೆದುಕೊಂಡಳು. "ಅಣ್ಣಾ, ಬಸಿದರೆ ಒಂದು ಚೂರು ಹೋಗಬಹುದು. ತಟ್ಟೆಯಲ್ಲಿ ಉಳಿದದ್ದು ಅನ್ನವೇ ಅಲ್ವಾ? ಹೊಟ್ಟೆಗೆ ಹೋದ ಮೇಲೆ ಅದು ಸಕ್ಕರೆಯೇ. ಬಸಿದದ್ದು ಎಷ್ಟು ಅನ್ನೋದು ಬಿಡಿ, ಬಡಿಸೋದು ಎಷ್ಟು ಅಂತ ನೋಡಿ." ಆಮೇಲೆ ಒಂದು ತಟ್ಟೆ ತೋರಿಸಿದಳು. ಅರ್ಧ ತರಕಾರಿ, ಸೊಪ್ಪು. ಉಳಿದ ಅರ್ಧದಲ್ಲಿ ಒಂದು ಪಾಲು ಕಾಳು, ಒಂದು ಪಾಲು ಅನ್ನ. ರಾಗಿ ಮುದ್ದೆಯಾದರೂ ಅಷ್ಟೇ ಜಾಗ.

ಸರೋಜ ವ್ಯಾನಿನ ಮೆಟ್ಟಿಲ ಮೇಲೆ ಹೇಳಿದ್ದೂ ಇದನ್ನೇ.

ಬಸ್ಸಿನಲ್ಲಿ ಅಕ್ಕ ಸೆರಗಿನ ಎಳೆಗಳನ್ನು ಬೆರಳಲ್ಲಿ ತಡವುತ್ತಾ ಕೂತಳು. ಆಮೇಲೆ ಮೆಲ್ಲಗೆ ಅಂದಳು: "ಹೋಗ್ಲಿ ಬಿಡುಡಾ. ಮುಂದಿನ ಹಾಸಿನ ಎಳೆ ನಾನೇ ಜೋಡಿಸ್ಬೇಕು ಅಂತಿದ್ದೆ. ಅಷ್ಟೇ." ಬೈದಿದ್ದರೆ ಸುಖವಾಗಿತ್ತು. ಸರೋಜ ಆ ಕೊರತೆಯನ್ನು ಮನೆಗೆ ಬಂದ ಮೇಲೆ ತುಂಬಿಕೊಟ್ಟಳು.

ಅಂಡೆ ಹಿಂದಕ್ಕೆ ಹೋಯಿತು. ಹುರುಳಿ ಅಟ್ಟದಿಂದ ಇಳಿಯಿತು. ಮೇಕೆಗೆ ಬೇಜಾರಾಯಿತು. ನಾನು ಬೇಯಿಸಿದ ಮೊದಲ ನುಗ್ಗೆಸೊಪ್ಪಿನಲ್ಲಿ ಎಲೆಗಿಂತ ಕಡ್ಡಿ ಹೆಚ್ಚಿತ್ತು. ಅಕ್ಕ ಬಾಯಿಂದ ಒಂದೊಂದೇ ಕಡ್ಡಿ ತೆಗೆದು ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟಳು. ಅನ್ನ ಎಷ್ಟು ಬಡಿಸಲಿ ಎಂದು ಕೇಳಿದರೆ ಅವಳದು ಒಂದೇ ಮಾತು: "ಸೀರೆಗೆ ಅಂಚು ಇರ್ತದಲ್ಲ, ಅಷ್ಟು. ಒಡಲು ಪೂರಾ ತರಕಾರಿ." ಅಳತೆಯ ಲೋಟಕ್ಕಿಂತ ಇದು ನನಗೆ ಚೆನ್ನಾಗಿ ಅರ್ಥವಾಯಿತು. ಹಾಸಿನ ಗಂಜಿಗೆ ಬೇರೆ ಅಕ್ಕಿ ಬೇಯಿಸಿದೆ. ಅದರ ಒಂದು ಅಗುಳೂ ಅಕ್ಕನ ತಟ್ಟೆಯ ಕಡೆ ಸುಳಿಯಲಿಲ್ಲ.

ಸಕ್ಕರೆ ನಿಧಾನವಾಗಿ ಇಳಿಯಿತು. ಒಂದು ಕಣ್ಣಿನ ಆಪರೇಷನ್ ಆಯಿತು!

ಕಪ್ಪು ಕನ್ನಡಕ ತೆಗೆಯಬಹುದು ಎಂದ ದಿನ ಅಕ್ಕ ನೇರವಾಗಿ ಮಗ್ಗದ ಹತ್ತಿರ ಬಂದಳು. ಅವಳಿಗೆ ಅನ್ನ ತಿನ್ನಿಸಿ ತಿನ್ನಿಸಿ ಗಂಜಿ ಹಾಕಿದ್ದ ಹಾಸಿನ ಕೊನೆಯ ಸೀರೆ ಅದರಲ್ಲಿತ್ತು. ಎಷ್ಟು ದಿನದ ಮೇಲೆ ಅಕ್ಕ ನನ್ನ ನೇಯ್ಗೆ ನೋಡುತ್ತಿದ್ದಾಳೆ! ಅವಳು ಬಗ್ಗಿದಳು. ಒಡಲು ನೋಡಿದಳು, ಅಂಚು ನೋಡಿದಳು, ಒಂದು ಕಡೆ ಬೆರಳಿಟ್ಟು ನಿಂತಳು.

"ಇದು ಯಾರು ನೇಯ್ದದ್ದು?"

"ನಾನೇ ಅಕ್ಕಾ."

ಅವಳು ನನ್ನ ತಲೆ ಸವರಿದಳು. "ನಂಗೆ ಕಣ್ಣು ಕಾಣ್ದೆ ಇದ್ದಾಗ ನೀನು ಎಷ್ಟು ಚೆನ್ನಾಗಿ ನೇಯ್ತಿದ್ದೆಯೋ, ತಮ್ಮಾ."

ಅಡುಗೆಮನೆಯಿಂದ ಸರೋಜಳ ನಗು ಕೇಳಿಸಿತು.

ಅಕ್ಕನ ಇನ್ನೊಂದು ಕಣ್ಣು ಬಾಕಿ ಇದೆ. ಅದಕ್ಕೂ ಸಕ್ಕರೆಯನ್ನು ಹಿಡಿತದಲ್ಲಿ ಇಡುವವನು ನಾನೇ. ಸೊಪ್ಪು ಬಿಡಿಸಿಟ್ಟಿದ್ದೇನೆ, ಹುರುಳಿ ನೆನೆಸಿದ್ದೇನೆ. ಆ ಕಣ್ಣೂ ಬರುವುದರೊಳಗೆ ಈ ಸೀರೆಯನ್ನು ಹೇಗಾದರೂ ಮಾರಿಬಿಡಬೇಕು.